ಸ್ಪೆಯಿನ್ ದೇಶದ ಏಳು ಜನಪದ ಗೀತಗಳು

ಹೊಲದಲ್ಲಿಯೂ ತೊಟ್ಟಿಲ ಬಳಿಯಲ್ಲಿಯೂ ಹುಟ್ಟಿದ ಹಾಡನ್ನು ಸಭಾಮಂದಿರಕ್ಕೆ ಕರೆತಂದು ಅದಕ್ಕೆ ಪಿಯಾನೋವಿನ ಜೊತೆಯನ್ನು ಕೊಟ್ಟರೆ, ಆ ಹಾಡು ಕೆಡುವುದೋ ಬೆಳಗುವುದೋ? ಸ್ಪೆಯಿನಿನ ಮಾನ್ವೆಲ್ ದೆ ಫಾಯನು 1914ರಲ್ಲಿ ಅಣಿಗೊಳಿಸಿದ ಏಳು ಗೀತಗಳು ಈ ಪ್ರಶ್ನೆಗೆ ಒಂದು ಉತ್ತರವಾಗಿರುವುದರಿಂದ, ಅವುಗಳ ವಿಷಯವಾಗಿ ವಾಚಕಿಯರಿಗೆ ಕೆಲವು ಮಾತುಗಳನ್ನು ಹೇಳಲಿಚ್ಛಿಸುವೆವು.

ಫಾಯನು 1876ರಲ್ಲಿ ಕಾದಿಸ್ ಎಂಬ ರೇವುಪಟ್ಟಣದಲ್ಲಿ ಜನಿಸಿದನು. ಮಾದ್ರಿದ್ ನಗರದಲ್ಲಿ ಫೆಲಿಪೆ ಪೆದ್ರೆಲ್ ಎಂಬ ವಿದ್ವಾಂಸನು ಅವನಿಗೆ ಗುರುವಾದನು. ಪ್ರತಿಯೊಂದು ಜನಾಂಗವೂ ತನ್ನ ಜನಪದ ಗೀತದ ತಳಹದಿಯ ಮೇಲೆಯೇ ತನ್ನ ಸಂಗೀತವನ್ನು ಕಟ್ಟಬೇಕೆಂಬುದು ಆ ಗುರುವಿನ ಮತ. 1907ರಲ್ಲಿ ಶಿಷ್ಯನು ಪ್ಯಾರಿಸಿಗೆ ಹೋಗಿ ಏಳು ವರುಷ ನಿಂತನು. ಅಲ್ಲಿ ಅವನ ಗೀತನಾಟಕದಲ್ಲಿ ಹಾಡುತ್ತಿದ್ದ ಸ್ಪಾನಿಷ್ ಗಾಯಕಿಯೊಬ್ಬಳು, ತನ್ನ ಕಛೇರಿಗೆ ತಕ್ಕ ಸ್ವದೇಶದ ಹಾಡುಗಳಾವುವೆಂದು ಕೇಳಲು, ಅವನು ತಾನೇ ಕೆಲವನ್ನು ಸಿದ್ಧಪಡಿಸಿಕೊಡುವೆನೆಂದನಂತೆ. ಅಷ್ಟರಲ್ಲಿ ಮಹಾಯುದ್ಧವು ತೊಡಗಲಾಗಿ ಅವನು ಮಾದ್ರಿದಿಗೆ ಹಿಂದಿರುಗಿದನು. 1915ರ ಜನವರಿಯಲ್ಲಿ ಅಲ್ಲಿ ಲೂಯಿಸಾ ವೇಲಾ ಎಂಬಾಕೆಯು ಈ ಗೀತಗಳನ್ನು ಹಾಡಲು, ಫಾಯನೇ ಪಿಯಾನೋ ನುಡಿಸಿದನು.

ಮೂರ್ಸಿಯಾ, ಅಸ್ತೂರಿಯಾಸ್, ಆರಗೋನ್, ಆಂದಲೂಸಿಯಾ ಮುಂತಾದ ಸೀಮೆಗಳ ಧಾಟಿಗಳು ಇಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿರುವುವು. ಮೊದಲನೆಯ ಗೀತದಲ್ಲಿ, ಅಂಗಡಿಯ ನಯವಾದ ವಸ್ತ್ರಕ್ಕೆ ಕಲೆ ತಗಲಿ ಬೆಲೆಯಿಳಿದ ಸಂಗತಿಯುಂಟು. ವಸ್ತ್ರವೆಂದರೆ ಕನ್ಯೆಯೆಂದು ಕೇಳುವವರು ತಾವೇ ತಿಳಿದುಕೊಳ್ಳುವರು. ಹೆಣ್ಣನ್ನು ಸರಕಿನಂತೆ ಅಳೆಯುವ ಈ ಉಪಮೆಯು ನಮಗೆ ಸಮ್ಮತವಲ್ಲ. ಧಾಟಿಯು ಮಾತ್ರ ಸೊಗಸೇ ಸರಿ. ಅಸ್ತೂರಿಯಾಸಿನ ಗೀತವಾದರೋ ಅತಿ ಮೃದು. ಸಾಂತ್ವನವನ್ನರಸುತ್ತ ಹಸುರು ಮರವೊಂದರ ಬಳಿಗೆ ಬಂದ ದುಃಖಿಯನ್ನು ಕಂಡು ಆ ಮರವೇ ಅತ್ತಿತೆಂಬುದು ಅದರ ತಾತ್ಪರ್ಯ. ಐದನೆಯದು ಜೋಗುಳ. ಆರಗೋನಿನ ಹೋತ ಎಂಬುದರಲ್ಲಿ ಪಿಯಾನೋವು ಕುಣಿತದ ಗತಿಯನ್ನು ಹಿಡಿದರೆ, ಅದು ತಡೆದಾಗ ಕಂಠವು ನಿಧಾನವಾಗಿ ಹಾಡುವುದು. ಕಡೆಯದಾದ ಪೋಲೋವಿನಲ್ಲಿ ಅಯ್ಯೋ ಎಂಬಂಥ ಕೂಗುಗಳ ಕೆಳಗೆ ಪಿಯಾನೋವಿನ ಸ್ವರಗಳು ಗಿಟಾರಿನ ತಂತಿಗಳನ್ನು ಮೀಟಿದಂತೆ ಒಂದೇ ಸಮನೆ ಬಡಿಯುವುವು.

ಫಾಯನು ಕೆಲವು ಧಾಟಿಗಳನ್ನು ಹೆಚ್ಚುಕಡಮೆ ಇದ್ದಂತೆಯೇ ಉಳಿಸಿ, ಕೆಲವನ್ನು ಧಾರಾಳವಾಗಿ ತಿದ್ದಿರುವನು. ಜನಪದ ಗೀತದಲ್ಲಿ ಅಕ್ಷರಕ್ಕಿಂತಲೂ ಆತ್ಮವೇ ಮುಖ್ಯವೆಂಬುದು ಅವನ ನಂಬಿಕೆ. ಅಪೊಸ್ತಲನಾದ ಪೌಲನು ಬೇರೊಂದು ಸಂದರ್ಭದಲ್ಲಿ ತೋರಿಸಿದ ಭೇದವು ಇಲ್ಲಿ ನಮ್ಮ ನೆನಪಿಗೆ ಬಾರದಿರದು; ಫಾಯನೂ ದೃಢಭಕ್ತನಾದ ಕ್ರೈಸ್ತನೇ. ಆದರೆ ತಿದ್ದುವ ಕೈಗೆ ಸಂಯಮವಿಲ್ಲದಿದ್ದರೆ ಇದೇ ಮಾತು ನೆವವಾದೀತು. ಇವನ ಕೈಗೆ ಸಂಯಮವಿತ್ತು: ಜೋಗುಳವು ಒಂದೆರಡು ನಿಮಿಷಗಳಲ್ಲಿಯೇ ಮುಗಿಯುವುದು, ತಾಯಿಯ ಕಂಠವನ್ನು ಪಿಯಾನೋವು ಎಲ್ಲಿಯೂ ಮುಚ್ಚದು.

ಮುಂದೆ ಕೋಖಾನ್ಸ್ಕಿ ಎಂಬ ಪಿಟೀಲುವಾದಕನು ಇವುಗಳಲ್ಲಿ ಆರನ್ನು ತನ್ನ ವಾದ್ಯಕ್ಕೆ ಅಳವಡಿಸಿದನು. ಅಲ್ಲಿ ಮಾತುಗಳಿಲ್ಲವಾಗಿ ವಸ್ತ್ರದ ಉಪಮೆಯೂ ಇಲ್ಲ.