ಪರದೆಯ ಅಂಚಿನಲ್ಲಿ ಅಡಗಿದ ಭಯ: ಮತ್ತೊಮ್ಮೆ ‘ಹ್ಯಾಲೋವೀನ್’

ಮುಖವಾಡ, ಚಾಕು, ಕತ್ತಲ ಮನೆ, ಹದಿಹರೆಯದವರ ಕಿರುಚಾಟ. ಹಾಲಿವುಡ್‌ನ ‘ಸ್ಲ್ಯಾಷರ್’ ಚಿತ್ರಗಳೆಂದರೆ ಇಷ್ಟೇ ಎಂಬುದು ಸಾಮಾನ್ಯ ಅಭಿಪ್ರಾಯ. ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಬೇಟೆಯಾಡುವ ಇಂಥ ಚಿತ್ರಗಳ ಮಹಾಪೂರಕ್ಕೆ ದಾರಿ ಮಾಡಿಕೊಟ್ಟದ್ದು ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೋವೀನ್’ (1978). ಸ್ವಾರಸ್ಯವೆಂದರೆ, ಆ ಚಿತ್ರದಲ್ಲಿ ರಕ್ತ ಕಾಣುವುದೇ ಅಪರೂಪ. ಹಾಗಾದರೆ ಅದು ಹೆದರಿಸುವುದು ಹೇಗೆ?

1963ರ ಹ್ಯಾಲೋವೀನ್ ರಾತ್ರಿ ಆರು ವರ್ಷದ ಬಾಲಕ ಮೈಕೆಲ್ ಮೈಯರ್ಸ್ ತನ್ನ ಅಕ್ಕನನ್ನು ಇರಿದು ಕೊಲ್ಲುತ್ತಾನೆ. ಹದಿನೈದು ವರ್ಷಗಳ ನಂತರ ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹುಟ್ಟೂರಿಗೆ ಮರಳುತ್ತಾನೆ. ಲಾರಿ ಎಂಬ ವಿದ್ಯಾರ್ಥಿನಿಯ ಬೆನ್ನು ಹತ್ತುತ್ತಾನೆ. ಲಾರಿಯಾಗಿ ನಟಿಸಿದ ಜೇಮಿ ಲೀ ಕರ್ಟಿಸ್‌ಗೆ ಇದು ಮೊದಲ ಚಲನಚಿತ್ರ. ಹಿಚ್‌ಕಾಕ್‌ನ ‘ಸೈಕೋ’ದಲ್ಲಿ ಸ್ನಾನಗೃಹದ ದೃಶ್ಯದಿಂದ ಪ್ರಸಿದ್ಧರಾದ ಜಾನೆಟ್ ಲೀ ಆಕೆಯ ತಾಯಿ.

ಬಡತನದಲ್ಲೊಂದು ಧಾರಾಳತನ

ಚಿತ್ರದ ಬಂಡವಾಳ ಸುಮಾರು 3 ಲಕ್ಷ ಡಾಲರ್ ಮಾತ್ರ. ಕೊಲೆಗಾರನ ಮುಖವಾಡ, ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನ ಅಗ್ಗದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದದ್ದು. ಶರತ್ಕಾಲದ ಕಥೆಯನ್ನು ಕ್ಯಾಲಿಫೋರ್ನಿಯಾದ ವಸಂತದಲ್ಲಿ ಚಿತ್ರೀಕರಿಸಿದ್ದರಿಂದ, ಬಣ್ಣ ಬಳಿದ ಎಲೆಗಳನ್ನು ಬೀದಿಯಲ್ಲಿ ಹರಡಿ, ಮತ್ತೆ ಗುಡಿಸಿ ತುಂಬಿಟ್ಟುಕೊಳ್ಳಲಾಗುತ್ತಿತ್ತು. ಆದರೆ ಒಂದು ವಿಷಯದಲ್ಲಿ ತಂಡ ಜಿಪುಣತನ ತೋರಲಿಲ್ಲ. ಅಗಲ ಪರದೆಯ ಪ್ಯಾನಾವಿಷನ್ ತಂತ್ರವನ್ನೇ ಆರಿಸಿಕೊಂಡಿತು.

ಛಾಯಾಗ್ರಾಹಕ ಡೀನ್ ಕಂಡಿ ಆ ಅಗಲವನ್ನೇ ಭಯದ ಉಪಕರಣವಾಗಿಸಿದರು. ಲಾರಿ ಒಂದು ಬದಿಯಲ್ಲಿ ಗೋಡೆಗೊರಗಿ ಅಳುತ್ತಿರುವಾಗ, ಪಕ್ಕದ ಬಾಗಿಲಿನ ಕತ್ತಲಿನಿಂದ ಬಿಳಿ ಮುಖವಾಡ ಮೆಲ್ಲನೆ ಮೂಡುತ್ತದೆ. ಇನ್ನೊಮ್ಮೆ ಆಕೆ ಮುಂಭಾಗದಲ್ಲಿ ಸುಸ್ತಾಗಿ ಕುಳಿತಿರುವಾಗ, ಸತ್ತನೆಂದುಕೊಂಡವನು ಹಿನ್ನೆಲೆಯಲ್ಲಿ ಸದ್ದಿಲ್ಲದೆ ಎದ್ದು ಕೂರುತ್ತಾನೆ. ಆಕೆಗೆ ಕಾಣದ್ದು ಪ್ರೇಕ್ಷಕನಿಗೆ ಕಾಣುತ್ತದೆ. ಎಚ್ಚರಿಸಲಾಗದ ಆ ಅಸಹಾಯಕತೆಯೇ ಚಿತ್ರದ ಜೀವಾಳ.

ಕ್ಯಾಸೆಟ್ ಕತ್ತರಿಸಿದ್ದೇನು?

ವಿಡಿಯೊ ಕ್ಯಾಸೆಟ್ ಯುಗದಲ್ಲಿ ಬಹುತೇಕರು ಕಂಡದ್ದು ಈ ಚಿತ್ರವನ್ನಲ್ಲ. ಅಗಲ ಚಿತ್ರಗಳನ್ನು ಆಗಿನ ಚೌಕಾಕಾರದ ಟಿ.ವಿ. ಪರದೆಯ ತುಂಬ ತೋರಿಸಲು ಎಡಬಲಗಳನ್ನು ಕತ್ತರಿಸಲಾಗುತ್ತಿತ್ತು. ಹೀಗೆ ಪ್ರತಿ ದೃಶ್ಯದಲ್ಲೂ ಶೇ 40ಕ್ಕೂ ಹೆಚ್ಚು ಭಾಗ ಮಾಯವಾಗುತ್ತಿತ್ತು. ‘ಹ್ಯಾಲೋವೀನ್’ನಲ್ಲಿ ಅಂಚು ಹೋದರೆ ಅಂಚಿನಲ್ಲಿ ನಿಂತವನೂ ಹೋದಂತೆ! ಉಳಿಯುವುದು ಬರೀ ಕೊಲೆಗಳ ಕಥೆ.

ಬಣ್ಣದ ವಿಷಯವೂ ಹಾಗೆಯೇ. ಕಂಡಿ ರಾತ್ರಿಗಳಿಗೆ ತಣ್ಣನೆಯ ನೀಲಿಯನ್ನು ಬಳಸಿದ್ದರು. 2007ರ ಬ್ಲೂ-ರೇ ಆವೃತ್ತಿಯಲ್ಲಿ ಆ ನೀಲಿ ಮಂಕಾಗಿತ್ತೆಂಬ ದೂರು ಕೇಳಿಬಂದಿತ್ತು. 2013ರ ಬ್ಲೂ-ರೇ ಹಾಗೂ 2021ರ 4ಕೆ ಆವೃತ್ತಿಗಳು ಕಂಡಿಯವರ ಮೇಲ್ವಿಚಾರಣೆಯಲ್ಲಿಯೇ ಸಿದ್ಧವಾದವು.

ಇನ್ನು ಸಂಗೀತ. ತಂದೆ ಬಾಂಗೊ ಮೇಲೆ ಹೇಳಿಕೊಟ್ಟಿದ್ದ ಐದರ ಲಯವನ್ನು ಕಾರ್ಪೆಂಟರ್ ಪಿಯಾನೊಗೆ ತಂದರು. ನಮ್ಮ ಖಂಡ ನಡೆಯನ್ನು ನೆನಪಿಸುವ ಈ ಲಯ, ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ನೆಮ್ಮದಿ ಕೊಡುವುದಿಲ್ಲ.

2006ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಸೇರಿದ ಈ ಚಿತ್ರವನ್ನು ಮನೆಯಲ್ಲಿ ನೋಡುವವರು ಒಂದು ಎಚ್ಚರ ವಹಿಸಬೇಕು. ಪರದೆಯ ಮೇಲೆ, ಕೆಳಗೆ ಕಾಣುವ ಕಪ್ಪು ಪಟ್ಟಿಗಳು ದೋಷವಲ್ಲ. ಅವನ್ನು ಅಳಿಸಲು ಟಿ.ವಿ.ಯ ‘ಜೂಮ್’ ಒತ್ತಿದರೆ, ಕ್ಯಾಸೆಟ್ಟಿನ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಂತೆಯೇ.