ಬೆಳಕಿನ ಉಳಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಕಿತ್ತೂರಿನ ಮೂಲಕ ಧಾರವಾಡ, ಬೆಳಗಾವಿಗಳನ್ನು ಕೂಡಿಸುವ ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆತಿದೆಯಾದರೂ ಗಾಡಿ ಇನ್ನೂ ಬಂದಿಲ್ಲ. ನಾನು ಬಾಲಕನಾಗಿದ್ದಾಗ ರೈಲನ್ನು ಕಾಣಬೇಕೆಂದರೆ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಬೇಕಾಗಿತ್ತು. ಅಲ್ಲಿ ಆಗ ಮೀಟರ್ ಗೇಜ್ ಹಳಿಯ ಮೇಲೆ ಉಗಿಬಂಡಿ ಓಡುತ್ತಿತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದು ಆ ಹಳಿ ಮಾಯವಾಯಿತು. ಹಳೆಯ ನಿಲ್ದಾಣಗಳೂ ಒಂದೊಂದಾಗಿ ಮರೆಯಾಗುತ್ತಿವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೈಲಹೊಂಗಲದಲ್ಲಿ ಮದುವೆಯ ಪತ್ರಿಕೆ, ನಾಮಫಲಕಗಳನ್ನು ಲೇಸರ್ ಯಂತ್ರದಿಂದ ಕತ್ತರಿಸುವ ಅಂಗಡಿ ಇಟ್ಟಿದ್ದಾನೆ. “ಗುರುಗಳೇ, ಊರಿಗೆ ರೈಲು ಬರೋತನಕ ಮೇಜಿನ ಮ್ಯಾಲಾದರೂ ಒಂದು ಸ್ಟೇಶನ್ ಕಟ್ಟೋಣ್ರಿ” ಎಂದು ಅವನು ಒಮ್ಮೆ ನಕ್ಕನು. ನಾನು ನಗಲಿಲ್ಲ, ಅಳತೆಪಟ್ಟಿ ಹಿಡಿದು ಹೊರಟೆನು. ಲೋಂಡಾ ಮಾರ್ಗದ ಚಿಕ್ಕ ನಿಲ್ದಾಣವೊಂದರ ಬಾಗಿಲು, ಕಿಟಕಿ, ಹೆಂಚಿನ ಸೂರುಗಳನ್ನು ಅಳೆದು ತಂದೆವು.

ಪ್ರತಿಕೃತಿಗೆ ಮೊದಲು ಬೇಕಾದುದು ಪ್ರಮಾಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಎಂಬ ಪ್ರಮಾಣ; ಅಂದರೆ ಮೂಲದ 87 ಅಂಗುಲ ಇಲ್ಲಿ ಒಂದು ಅಂಗುಲ. ಪುಣೆಯ ಜೋಶಿಯವರ ಕಿರು ರೈಲು ಸಂಗ್ರಹಾಲಯದಲ್ಲಿರುವುದೂ ಇದೇ. ಈ ಲೆಕ್ಕದಲ್ಲಿ ಮೀಟರ್ ಗೇಜ್ ಹಳಿಗಳ ನಡುವಣ ಅಂತರ ಹನ್ನೊಂದೂವರೆ ಮಿಲಿಮೀಟರ್. ಎರಡು ಮೀಟರ್ ಎತ್ತರದ ಬಾಗಿಲು 23 ಮಿಲಿಮೀಟರ್. ಇಷ್ಟು ಸಣ್ಣ ಬಾಗಿಲಿಗೆ ಹಲಗೆ, ಚೌಕಟ್ಟು, ಅಗುಳಿ ಎಲ್ಲವೂ ಇರಬೇಕೆಂದರೆ ಬಡಗಿಯ ಉಳಿ ಸೋಲುತ್ತದೆ. ಆಗ ಬೆಳಕೇ ಉಳಿಯಾಗುತ್ತದೆ.

ಇಂತಹ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವುದು ಇಂಗಾಲದ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ನಮ್ಮ ನೆರೆಯ ಬಾರಾಮತಿಯಲ್ಲಿ ಹುಟ್ಟಿದ ಕುಮಾರ ಪಟೇಲರು. ಗಾಜಿನ ಕೊಳವೆಯೊಳಗಿನ ಅನಿಲಕ್ಕೆ ವಿದ್ಯುತ್ತು ಹಾಯಿಸಿದಾಗ ಕಣ್ಣಿಗೆ ಕಾಣದ ಕಿರಣವು ಹೊಮ್ಮುತ್ತದೆ. ಕನ್ನಡಿಗಳು ಅದನ್ನು ತಿರುಗಿಸುತ್ತವೆ; ಮಸೂರವು ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸುತ್ತದೆ. ಗಣಕದಲ್ಲಿ ಬರೆದ ಗೆರೆಯ ಗುಂಟ ಆ ಮೊನೆ ಸಾಗಿದಂತೆ ರಟ್ಟು, ಪ್ಲೈವುಡ್, ಅಕ್ರಿಲಿಕ್ ಹಾಳೆಗಳು ಉರಿದು ಆವಿಯಾಗಿ ತುಂಡಾಗುತ್ತವೆ. ಪಿವಿಸಿ ಹಾಳೆಯನ್ನು ಮಾತ್ರ ಎಂದಿಗೂ ಇಡಬಾರದು. ಅದರಿಂದ ಏಳುವ ಅನಿಲ ಶ್ವಾಸಕೋಶಕ್ಕೂ ಯಂತ್ರಕ್ಕೂ ವಿಷ.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಗೋಡೆಯ ಸೀಳಿಗೂ ಅದರೊಳಗೆ ಕೂರುವ ನಾಲಿಗೆಗೂ ಮೂರು ಮಿಲಿಮೀಟರ್ ಎಂದೇ ಬರೆದಿದ್ದೆವು. ಆದರೆ ಕಿರಣವು ಹೋದ ದಾರಿಯಲ್ಲಿ ಸುಮಾರು 0.2 ಮಿಲಿಮೀಟರ್ ತಿಂದುಬಿಡುತ್ತದೆ. ಸೀಳು 3.2 ಆಯಿತು, ನಾಲಿಗೆ 2.8 ಆಯಿತು, ಗೋಡೆ ಗಡಗಡ ಅಲುಗಿತು. 0.4 ಮಿಲಿಮೀಟರ್ ಎಂದರೆ ಏನು ಮಹಾ ಎನ್ನುವಿರಾ? 87ರಿಂದ ಗುಣಿಸಿ ನೋಡಿರಿ: ನಿಜವಾದ ಕಟ್ಟಡದಲ್ಲಿ ಅದು ಮೂರೂವರೆ ಸೆಂಟಿಮೀಟರ್ ಬಿರುಕು! ಮರುಸಲ ಸೀಳನ್ನು ತುಸು ಕಿರಿದಾಗಿ, ನಾಲಿಗೆಯನ್ನು ತುಸು ಹಿರಿದಾಗಿ ಬರೆದ ಮೇಲೆ ಬಿಗಿಯಾಗಿ ಕೂತವು.

ಕತ್ತರಿಸುವುದಕ್ಕೂ ಕ್ರಮವಿದೆ. ಒಳಗಿನ ಕಿಟಕಿಗಳು ಮೊದಲು, ಹೊರ ಅಂಚು ಕೊನೆಗೆ. ಹೊರ ಅಂಚು ಮೊದಲು ಬಿಟ್ಟುಕೊಂಡರೆ ಗೋಡೆಯೇ ಜರುಗಿ ಕಿಟಕಿಗಳು ಸೊಟ್ಟಗಾಗುತ್ತವೆ. ಬಾಗಿಲನ್ನು ಮೂರು ಪದರಗಳ ತೆಳು ರಟ್ಟಿನಿಂದ ಮಾಡಿ ಅಂಟಿಸಿದರೆ ಚೌಕಟ್ಟಿನ ಆಳ ತಾನೇ ಮೂಡುತ್ತದೆ. ಹಲಗೆಯ ಸಂದುಗಳಿಗೆ ಕಿರಣದ ಬಲವನ್ನು ತಗ್ಗಿಸಿ ಮೇಲ್ಮೈಯನ್ನಷ್ಟೇ ಗೀರಿದರೆ ಸಾಕು. ಕಿಟಕಿಯ ಸರಳುಗಳು ಮಾತ್ರ ನಮ್ಮನ್ನು ಸೋಲಿಸಿದವು. ಹನ್ನೆರಡು ಮಿಲಿಮೀಟರ್ ಸರಳು ಇಲ್ಲಿ 0.14 ಆಗಬೇಕು, ಅದು ಕಿರಣದ ದಾರಿಗಿಂತಲೂ ಸಪೂರ, ಉರಿದೇ ಹೋಗುತ್ತದೆ. ಸರಳನ್ನು ದಪ್ಪ ಮಾಡಿ, ಎಣಿಕೆಯನ್ನು ಕಡಿಮೆ ಮಾಡಿದೆವು. ಪ್ರತಿಕೃತಿಯಲ್ಲಿ ಕಣ್ಣಿಗೆ ಒಪ್ಪುವ ಇಂತಹ ಸಣ್ಣ ಸುಳ್ಳುಗಳು ಸಲ್ಲುತ್ತವೆಂದು ನನ್ನ ಅಭಿಪ್ರಾಯ, ಗೆಳೆಯರು ಒಪ್ಪುವುದಿಲ್ಲ.

ಕೊನೆಗೆ ಉಳಿದುದು ಹಳದಿಯ ಹೆಸರುಹಲಗೆ. ಅಕ್ಷರಗಳನ್ನು ಆರಪಾರ ಕತ್ತರಿಸಲು ಹೋದಾಗ ‘ಹೊಂ’ ಎಂಬಲ್ಲಿಯ ಸೊನ್ನೆಯ ನಡುಭಾಗ ಉದುರಿಬಿದ್ದು ಬರಿಯ ತೂತು ಉಳಿಯಿತು. ಆದುದರಿಂದ ಅಕ್ಷರಗಳನ್ನು ಗೀರಿ, ಗೀರಿನಲ್ಲಿ ಕಪ್ಪು ತುಂಬಿದೆವು. ಮೂರೂವರೆ ಮಿಲಿಮೀಟರ್ ಎತ್ತರದ ಆ ಅಕ್ಷರಗಳನ್ನು ಓದಲು ನನಗೆ ಭೂತಗನ್ನಡಿ ಬೇಕಾಯಿತು. ಅಂಗಡಿಗೆ ಬಂದಿದ್ದ ಹುಡುಗನೊಬ್ಬನು ಬರಿಗಣ್ಣಿನಿಂದಲೇ ಬಾಗಿ ನೋಡಿ ‘ಬೈಲಹೊಂಗಲ’ ಎಂದು ಓದಿದನು. ಬಳಿಕ ಹಳಿ ಎಲ್ಲಿಂದ ಬರುತ್ತದೆಂದು ಕೇಳಿದನು.