ವಿದ್ಯುದ್ವಾಹಕ ಶಾಯಿಗಳೂ ಮುದ್ರಿತ ಸಂವೇದಕಗಳೂ

ಬೆರಳಿನ ತುದಿಯನ್ನು ಚುಚ್ಚಿಕೊಂಡು, ಒಂದು ಹನಿ ರಕ್ತವನ್ನು ಕಿರಿದಾದ ಪಟ್ಟಿಯೊಂದಕ್ಕೆ ತಾಗಿಸಿ, ಅದರಲ್ಲಿ ಸಕ್ಕರೆ ಎಷ್ಟಿದೆಯೆಂದು ನೋಡಿಕೊಳ್ಳುವ ಮಧುಮೇಹಿಗಳು ಇಂದು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿದ್ದಾರೆ. ಆ ಪಟ್ಟಿ ಅಚ್ಚಿನ ವಿದ್ಯೆಯಿಂದ ಹುಟ್ಟಿದ ವಸ್ತುವೆಂಬುದನ್ನು ಅವರಲ್ಲಿ ಬಹುಮಂದಿ ಗಮನಿಸಿರಲಾರರು. ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವನು ಲಗ್ನಪತ್ರಿಕೆಯ ಮೇಲೆ ಗಣಪತಿಯ ಚಿತ್ರವನ್ನು ಯಾವ ಕ್ರಮದಲ್ಲಿ ಒತ್ತುತ್ತಾನೆಯೋ, ಹೆಚ್ಚುಕಡಮೆ ಅದೇ ಕ್ರಮದಲ್ಲಿ ಇಂಥ ಅನೇಕ ಪಟ್ಟಿಗಳ ಮೇಲಿನ ವಿದ್ಯುದಗ್ರಗಳನ್ನೂ ಒತ್ತಿರುತ್ತಾರೆ. ಭೇದವಿರುವುದು ಶಾಯಿಯಲ್ಲಿ. ಆ ಶಾಯಿ ಕಣ್ಣಿಗೆ ಕಾಣುವುದಕ್ಕಾಗಿ ಇರುವುದಲ್ಲ. ವಿದ್ಯುತ್ತನ್ನು ಹರಿಸುವುದಕ್ಕಾಗಿ ಇರುವುದು.

ನಮ್ಮ ವಿಭಾಗದ ವಿದ್ಯಾರ್ಥಿಗಳು ಈ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಜಾಲರಿಯ ಮೂಲಕ ಒತ್ತಿದ ಗೆರೆ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣದಾಗಲಾರದು. ಅದರ ದಪ್ಪ ಕೆಲವು ಹತ್ತು ಮೈಕ್ರಾನುಗಳು. ಇಷ್ಟು ಒರಟಾದ ಕೆಲಸ ನ್ಯಾನೋ ಎಂಜಿನಿಯರಿಂಗ್ ಎಂಬ ಹೆಸರಿನ ವಿಭಾಗದಲ್ಲಿ ಏಕೆ ನಡೆಯುತ್ತದೆ? ಪ್ರಶ್ನೆ ಯುಕ್ತವಾದುದೇ. ಅದಕ್ಕೆ ಉತ್ತರವಾಗಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೊ ಕೇಂದ್ರದಲ್ಲಿ ಪ್ರಾಧ್ಯಾಪಕ ಜೋಸೆಫ್ ವಾಂಗ್ ಅವರೂ ಅವರ ಸಂಗಡಿಗರೂ ನಡೆಸಿರುವ ಸಂಶೋಧನೆಗಳನ್ನು ಇಲ್ಲಿ ವಿವರಿಸಬಯಸುತ್ತೇವೆ. ಅಲ್ಲಿಯ ನ್ಯಾನೋ ಎಂಜಿನಿಯರಿಂಗ್ ವಿಭಾಗ ೨೦೦೭ರಲ್ಲಿ ಸ್ಥಾಪಿತವಾಯಿತು. ವಿದ್ಯುದ್ರಸಾಯನದಲ್ಲಿ ಆ ವೇಳೆಗಾಗಲೇ ಹೆಸರಾಗಿದ್ದ ವಾಂಗ್ ಅವರು ೨೦೦೮ರಲ್ಲಿ ಅದನ್ನು ಸೇರಿದರು. ಅವರ ಬಳಗದ ಪ್ರಬಂಧಗಳನ್ನು ಒಟ್ಟಾಗಿ ಓದಿದವರಿಗೆ ತೋರುವುದೇನೆಂದರೆ, ಹೊಸ ಯಂತ್ರಗಳನ್ನು ಕಟ್ಟುವುದಕ್ಕಿಂತ ಹೊಸ ಶಾಯಿಗಳನ್ನು ಅರೆಯುವುದರಲ್ಲಿಯೇ ಅವರ ಶ್ರಮದ ಹೆಚ್ಚಿನ ಪಾಲು ಸಂದಿದೆ. ನ್ಯಾನೋ ಎಂಬ ಮಾತು ಸಲ್ಲುವುದು ಗೆರೆಗಲ್ಲ, ಶಾಯಿಗೆ.

ಮುದ್ರಣದ ವಿಧಾನ ಸುಲಭವಾದುದು. ಚೌಕಟ್ಟಿಗೆ ಬಿಗಿದ ಸೂಕ್ಷ್ಮವಾದ ಜಾಲರಿಯಲ್ಲಿ ಚಿತ್ರಕ್ಕೆ ಬೇಡವಾದ ಕಡೆಗಳ ರಂಧ್ರಗಳನ್ನು ಮುಚ್ಚಿರುತ್ತಾರೆ. ಉಳಿದ ರಂಧ್ರಗಳ ಮೂಲಕ ಶಾಯಿಯನ್ನು ರಬ್ಬರಿನ ಅಲಗಿನಿಂದ ಒತ್ತಿ ಕೆಳಗಿನ ಹಾಳೆಗೆ ಇಳಿಸುತ್ತಾರೆ. ಆದರೆ ಇಷ್ಟರಲ್ಲಿಯೇ ಶಾಯಿಯಿಂದ ಎರಡು ವಿರುದ್ಧ ಗುಣಗಳನ್ನು ಬೇಡಿದಂತಾಯಿತು. ಅಲಗು ಒತ್ತುವಾಗ ಅದು ನೀರಿನಂತೆ ಹರಿಯಬೇಕು. ಹಾಳೆಗೆ ಇಳಿದ ಕೂಡಲೆ ಬೆಣ್ಣೆಯಂತೆ ನಿಲ್ಲಬೇಕು. ನಿಲ್ಲದೆ ಹರಡಿದರೆ ಪಕ್ಕಪಕ್ಕದ ಎರಡು ವಿದ್ಯುದಗ್ರಗಳು ಕೂಡಿಕೊಂಡು ಸಂವೇದಕವೇ ಕೆಡುತ್ತದೆ. ಗೋಡೆಗೆ ಬಳಿಯುವ ಬಣ್ಣ ಕುಂಚದ ಕೆಳಗೆ ಜಾರಿ, ಗೋಡೆಯ ಮೇಲೆ ಸೋರದೆ ನಿಲ್ಲುವುದೂ ಇದೇ ಗುಣದಿಂದಲೇ.

ಇನ್ನು ವಿದ್ಯುದ್ವಾಹಕತೆಯ ವಿಚಾರ. ಶಾಯಿಯೆಂದರೆ ವಾಹಕವಾದ ಪುಡಿ, ಅದನ್ನು ಹಿಡಿದಿಡುವ ಬಂಧಕ, ಆರಿಹೋಗುವ ದ್ರಾವಕ, ಈ ಮೂರರ ಲೇಹ. ಬಂಧಕವು ಪ್ರಾಯಶಃ ಪ್ಲಾಸ್ಟಿಕ್ ಅಥವಾ ರಬ್ಬರಿನ ಜಾತಿಯದು. ಅದರ ಮೂಲಕ ವಿದ್ಯುತ್ತು ಹರಿಯದು. ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವ ಬಗೆಯನ್ನು ವಾಚಕರು ನೆನೆದುಕೊಳ್ಳಬಹುದು. ಕಲ್ಲುಗಳು ವಿರಳವಾಗಿದ್ದರೆ, ಅವು ಎಷ್ಟೇ ಗಟ್ಟಿಯಾಗಿದ್ದರೂ ಆಚೆಯ ದಡ ದೊರೆಯುವುದಿಲ್ಲ. ಕಲ್ಲುಗಳು ಹೆಚ್ಚುತ್ತ ಹೋದಂತೆ ಒಂದು ಹಂತದಲ್ಲಿ ದಡದಿಂದ ದಡಕ್ಕೆ ಒಂದು ದಾರಿ ತಟಕ್ಕನೆ ತೆರೆದುಕೊಳ್ಳುತ್ತದೆ. ಶಾಯಿಯಲ್ಲಿಯೂ ಹಾಗೆಯೇ: ಪುಡಿಯ ಪ್ರಮಾಣವು ಒಂದು ನಿರ್ದಿಷ್ಟ ಮಿತಿಯನ್ನು ದಾಟುವವರೆಗೆ ರೋಧವು ಅಪಾರ, ದಾಟಿದೊಡನೆ ಅದು ಅನೇಕ ಸಾವಿರ ಪಟ್ಟು ಕುಸಿಯುತ್ತದೆ. ದುಂಡಗಿನ ಕಣಗಳಾದರೆ ಈ ಮಿತಿಯನ್ನು ಮುಟ್ಟಲು ಪುಡಿ ಬಹಳ ಬೇಕು. ಪುಡಿ ಹೆಚ್ಚಾದರೆ ಬಂಧಕ ಕಡಮೆಯಾಗಿ ಲೇಪ ಬಿರುಕುಬಿಡುತ್ತದೆ. ಇಂಗಾಲದ ನ್ಯಾನೋ ಕೊಳವೆಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಇವುಗಳ ಉದ್ದವು ವ್ಯಾಸದ ಸಾವಿರ ಪಟ್ಟು ಇರಬಹುದಾದ್ದರಿಂದ, ಹೊಳೆಯಲ್ಲಿ ಗುಂಡುಕಲ್ಲುಗಳ ಬದಲು ಅಡಕೆಯ ಮರದ ಸಂಕಗಳನ್ನು ಹಾಸಿದಂತಾಗುತ್ತದೆ, ಸ್ವಲ್ಪವೇ ಸಾಕು. ಬೆಳ್ಳಿಯ ನ್ಯಾನೋ ಕಣಗಳ ಲಾಭ ಬೇರೊಂದು ಬಗೆಯದು. ಗಟ್ಟಿಬೆಳ್ಳಿ ಕರಗುವುದು ೯೬೧ ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಆದರೆ ಅತಿ ಸಣ್ಣ ಕಣದಲ್ಲಿ ಬಹುಪಾಲು ಪರಮಾಣುಗಳು ಮೇಲ್ಮೈಯಲ್ಲಿಯೇ ಇರುವುದರಿಂದ, ಸುಮಾರು ೧೫೦ ಡಿಗ್ರಿಯಲ್ಲಿಯೇ ನೆರೆಕಣಗಳು ಒಂದಕ್ಕೊಂದು ಬೆಸೆದುಕೊಳ್ಳಬಲ್ಲವು. ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ತಂತಿಯನ್ನು ಒತ್ತಲು ಸಾಧ್ಯವಾಗಿರುವುದು ಇದರಿಂದ.

ಪುಸ್ತಕದಲ್ಲಿ ಓದಿದಾಗ ಇವೆಲ್ಲ ಸರಳವೆನಿಸುತ್ತವೆ. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ ಗ್ರಾಫೈಟ್ ಪುಡಿಯನ್ನು ಬಂಧಕದೊಡನೆ ಕಲ್ವದಲ್ಲಿ ಅರೆದು ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಿದೆವು. ಗೆರೆ ಕಪ್ಪಗೆ ಅಂದವಾಗಿ ಮೂಡಿತು. ಮೀಟರು ಒಪ್ಪತಕ್ಕ ಅಂಕಿಯನ್ನೂ ತೋರಿಸಿತು. ಹಾಳೆಯನ್ನು ಒಮ್ಮೆ ಬಾಗಿಸಿದೊಡನೆ ಅಂಕಿ ಮಾಯವಾಯಿತು. ಲೆನ್ಸಿನಿಂದ ನೋಡಿದಾಗ, ಬೇಸಗೆಯ ಕೆರೆಯಂಗಳದಂತೆ ಲೇಪವು ಸೀಳುಬಿಟ್ಟಿತ್ತು. ಬಂಧಕವನ್ನು ಹೆಚ್ಚಿಸಿದೆವು, ಸೀಳು ನಿಂತಿತು, ವಿದ್ಯುತ್ತೂ ನಿಂತಿತು. ಆ ಮಧ್ಯಾಹ್ನ ಕಲಿತ ಪಾಠ ಯಾವ ಉಪನ್ಯಾಸದಿಂದಲೂ ಬಂದಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಹಾಳೆಯ ಪಾಡೇ ಇದಾದರೆ, ಚರ್ಮದ ಪಾಡೇನು? ಮೊಣಕೈ ಮಡಿಸಿದಾಗಲೆಲ್ಲ ಚರ್ಮ ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ಮೇಲಿನ ಸಂವೇದಕವೂ ಜೊತೆಗೆ ಹಿಗ್ಗಬೇಕು. ಸ್ಯಾನ್ ಡಿಯೇಗೊದವರು ಇದಕ್ಕೆ ಎರಡು ಉಪಾಯಗಳನ್ನು ಒಟ್ಟುಗೂಡಿಸಿದರು. ನ್ಯಾನೋ ಕೊಳವೆಗಳನ್ನು ಹಿಗ್ಗುವ ಬಂಧಕದಲ್ಲಿ ಬೆರೆಸಿ ಶಾಯಿಯನ್ನೇ ಹಿಗ್ಗುವಂತೆ ಮಾಡಿದುದು ಒಂದು. ಗೆರೆಯನ್ನು ನೇರವಾಗಿ ಎಳೆಯದೆ ಹಾವಿನ ಹರಿದಾಟದಂತೆ ಸುತ್ತುಸುತ್ತಾಗಿ ಎಳೆದುದು ಇನ್ನೊಂದು. ಎಳೆತ ಬಿದ್ದಾಗ ಮೊದಲು ಸುತ್ತುಗಳು ನೇರವಾಗುತ್ತವೆ. ಆಮೇಲೆ ಶಾಯಿಯ ಸರದಿ. ೨೦೧೬ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ ಇಂಥ ಮುದ್ರಿತ ಸಾಧನಗಳು ಶೇಕಡ ೫೦೦ರಷ್ಟು ಹಿಗ್ಗಿದರೂ ಕೆಲಸಮಾಡುತ್ತವೆ. ಚರ್ಮ ಅಷ್ಟು ಹಿಗ್ಗುವುದಿಲ್ಲವೆನ್ನಿ; ಆದರೂ ಬಟ್ಟೆಯ ಮೇಲೆ ಒತ್ತುವಾಗ ಆ ಹೆಚ್ಚಳ ಪ್ರಯೋಜನಕ್ಕೆ ಬರುವುದುಂಟು. ಅದೇ ವರ್ಷ ಅವರು ನಿಯೋಡಿಮಿಯಮ್ ಅಯಸ್ಕಾಂತದ ಪುಡಿಯನ್ನು ಬೆರೆಸಿದ ಶಾಯಿಯನ್ನೂ ಪ್ರಕಟಿಸಿದರು. ಮುದ್ರಿತ ತಂತಿ ತುಂಡಾದರೆ, ಎರಡು ತುದಿಗಳ ಅಯಸ್ಕಾಂತಕಣಗಳು ಒಂದನ್ನೊಂದು ಸೆಳೆದುಕೊಂಡು ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಮೂರು ಮಿಲಿಮೀಟರು ಅಗಲದ ಸೀಳು ಸುಮಾರು ೫೦ ಮಿಲಿಸೆಕೆಂಡುಗಳಲ್ಲಿ ಮುಚ್ಚಿಕೊಂಡಿತೆಂದು ವರದಿ. ನೋಡಲು ಇದು ಅತ್ಯಂತ ಮನೋಹರವಾದ ಪ್ರಯೋಗ. ಆದರೆ ಈ ಅಯಸ್ಕಾಂತವಸ್ತು ತೇವಕ್ಕೆ ಸುಲಭವಾಗಿ ತುಕ್ಕುಹಿಡಿಯತಕ್ಕದ್ದಾದುದರಿಂದ, ಬೆವರಿನ ಸಹವಾಸದಲ್ಲಿ ದೀರ್ಘಕಾಲ ಬಾಳಬೇಕಾದರೆ ಅದಕ್ಕೆ ಒಳ್ಳೆಯ ಹೊದಿಕೆ ಬೇಕೆಂದು ನಮ್ಮ ಅಭಿಪ್ರಾಯ.

ಇಷ್ಟರವರೆಗೆ ಹೇಳಿದುದು ತಂತಿಯ ಮಾತು. ತಂತಿಯನ್ನು ಸಂವೇದಕವನ್ನಾಗಿ ಮಾಡುವುದು ಕಿಣ್ವ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಮಾತ್ರ ಆರಿಸಿ ಉತ್ಕರ್ಷಿಸುತ್ತದೆ. ಆಗ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದನ್ನು ವಿದ್ಯುದಗ್ರದಲ್ಲಿ ಪರಿವರ್ತಿಸಿ, ಹರಿದ ವಿದ್ಯುತ್ತನ್ನು ಅಳೆದರೆ ಸಕ್ಕರೆಯ ಲೆಕ್ಕ ಸಿಕ್ಕುತ್ತದೆ. ಕಿಣ್ವವನ್ನು ವಿದ್ಯುದಗ್ರದೊಡನೆ ಕೂಡಿಸುವ ಈ ಸೂಚನೆಯನ್ನು ೧೯೬೨ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಮುಂದಿಟ್ಟರು. ೧೯೮೪ರಲ್ಲಿ ಇಂಗ್ಲೆಂಡಿನ ಸಂಶೋಧಕರು ಆಮ್ಲಜನಕದ ಬದಲು ಫೆರೊಸೀನಿನ ಒಂದು ಜನ್ಯವಸ್ತುವನ್ನು ಎಲೆಕ್ಟ್ರಾನುಗಳ ವಾಹಕವಾಗಿ ಬಳಸಿದರು. ೧೯೮೭ರಲ್ಲಿ ಆ ತತ್ತ್ವದ ಮೇಲೆ, ಮುದ್ರಿತ ಪಟ್ಟಿಗಳೊಡನೆ, ಲೇಖನಿಯ ಗಾತ್ರದ ಮಾಪಕ ಮಾರುಕಟ್ಟೆಗೆ ಬಂದಿತು. ಒಂದು ಪಟ್ಟಿಯಂತೆಯೇ ಇನ್ನೊಂದು ಪಟ್ಟಿ ಇದ್ದರಲ್ಲವೆ ಅಳತೆಯನ್ನು ನಂಬುವುದು? ಮುದ್ರಣದಿಂದ ಬಂದ ಉಪಕಾರ ಬೆಲೆಯ ಇಳಿತವೊಂದೇ ಅಲ್ಲ, ಈ ಏಕರೂಪತೆಯೂ ಹೌದು.

ಕಿಣ್ವವು ಜೀವಿಗಳಿಂದ ಬಂದ ಪ್ರೋಟೀನು. ಬಿಸಿ ತಾಕಿದರೆ ಕೆಡುತ್ತದೆ. ಅನೇಕ ದ್ರಾವಕಗಳು ಅದಕ್ಕೆ ವಿಷಪ್ರಾಯ. ಬೆಳ್ಳಿಯ ಶಾಯಿಗೆ ಬೇಕಾದ ಕಾವು ಕಿಣ್ವಕ್ಕೆ ಆಗದು. ಆದುದರಿಂದ ವಾಡಿಕೆಯ ಕ್ರಮದಲ್ಲಿ ಮೊದಲು ವಿದ್ಯುದಗ್ರವನ್ನು ಒತ್ತಿ ಒಣಗಿಸಿ, ಅನಂತರ ಕಿಣ್ವವನ್ನು ಬೇರೆಯಾಗಿ ಹನಿಸುತ್ತಾರೆ. ೨೦೧೫ರಲ್ಲಿ ವಾಂಗ್ ಅವರ ಬಳಗ ಕಿಣ್ವವನ್ನು ಶಾಯಿಯೊಳಗೇ ಇರಿಸಿ, ಅದನ್ನು ಸಾಧಾರಣವಾದ ಉರುಳುಗುಂಡಿನ ಲೇಖನಿಯಲ್ಲಿ ತುಂಬಿತು. ಅದರ ಪಾಕವನ್ನು ನೋಡಿ: ವಿದ್ಯುತ್ತು ಹರಿಯಲು ಗ್ರಾಫೈಟ್, ಬಂಧಕವಾಗಿ ಔಷಧಗಳಲ್ಲಿ ಬಳಕೆಯಿರುವ ಪಾಲಿಎಥಿಲೀನ್ ಗ್ಲೈಕಾಲ್, ಅಂಟಿಕೊಳ್ಳಲು, ಗಾಯದ ಪಟ್ಟಿಗಳಲ್ಲಿ ಉಪಯೋಗಿಸುವ ಕೈಟೋಸಾನ್, ಕಿಣ್ವ ಕೆಡದಿರಲು, ಸಕ್ಕರೆಗೆ ಬದಲಾಗಿ ತಿನ್ನುವ ಕ್ಸೈಲಿಟಾಲ್. ಇವುಗಳಲ್ಲಿ ಒಂದೂ ಅಪೂರ್ವವಸ್ತುವಲ್ಲ. ಒಂದು ಲೇಖನಿಯ ಶಾಯಿಯಿಂದ ಸುಮಾರು ೫೦೦ ಗ್ಲೂಕೋಸ್ ಪಟ್ಟಿಗಳಿಗೆ ಸಮನಾದಷ್ಟು ಬರೆಯಬಹುದೆಂದು ಅವರು ಲೆಕ್ಕಹಾಕಿದರು. ಬೆರಳಿನ ಮೇಲೆ ಬರೆದು, ಅಳೆದು, ಒರೆಸಿ, ಮತ್ತೆ ಬರೆಯಬಹುದು. ಒಂದು ಹಿಡಿ ಬಡ ಸಾಮಗ್ರಿಯಿಂದ ಇಷ್ಟನ್ನು ಸಾಧಿಸಿದ ಈ ಕೆಲಸವನ್ನು ಅವರ ಕೃತಿಗಳಲ್ಲೆಲ್ಲ ನಾವು ಹೆಚ್ಚಾಗಿ ಮೆಚ್ಚುತ್ತೇವೆ.

ಚುಚ್ಚದೆಯೇ ಸಕ್ಕರೆಯನ್ನು ಅಳೆಯುವ ಅವರ ಹಚ್ಚೆ ಹೆಚ್ಚು ಪ್ರಸಿದ್ಧವಾದುದು. ಮಕ್ಕಳು ಕೈಗೆ ಅಂಟಿಸಿಕೊಳ್ಳುವ ತಾತ್ಕಾಲಿಕ ಹಚ್ಚೆಯ ಕಾಗದದ ಮೇಲೆ ವಿದ್ಯುದಗ್ರಗಳನ್ನು ಒತ್ತಿ, ಒದ್ದೆಮಾಡಿ ಚರ್ಮಕ್ಕೆ ವರ್ಗಾಯಿಸುತ್ತಾರೆ. (ಚರ್ಮದ ಮೇಲೆ ಬೆಳ್ಳಿಯುಳ್ಳ ಶಾಯಿ ನಮ್ಮವರಿಗೆ ಹೊಸದಲ್ಲ. ೧೯೬೨ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತ ಬಂದಿರುವ, ಮೈಸೂರಿನಲ್ಲಿ ತಯಾರಾಗುವ ಶಾಯಿಯಲ್ಲಿರುವುದು ಬೆಳ್ಳಿಯ ನೈಟ್ರೇಟು. ಅದು ಅಳಿಯದಿರುವುದು ಗುಣ. ಇದು ಸುಲಭವಾಗಿ ಅಳಿಯುವುದು ಗುಣ.) ಎರಡು ವಿದ್ಯುದಗ್ರಗಳ ನಡುವೆ ಅತ್ಯಲ್ಪ ವಿದ್ಯುತ್ತನ್ನು ಚರ್ಮದ ಮೂಲಕ ಹರಿಸಿದಾಗ, ಸೋಡಿಯಂ ಅಯಾನುಗಳು ಋಣಾಗ್ರದ ಕಡೆಗೆ ಚಲಿಸುತ್ತವೆ, ಅವುಗಳೊಡನೆ ಜೀವಕೋಶಗಳ ನಡುವಣ ದ್ರವವೂ, ಅದರಲ್ಲಿ ಕರಗಿರುವ ಗ್ಲೂಕೋಸೂ ಮೇಲಕ್ಕೆ ಬರುತ್ತವೆ. ಹೀಗೆ ಬಂದ ಗ್ಲೂಕೋಸು ಬಹಳ ಸ್ವಲ್ಪ. ಅದನ್ನು ಅಳೆಯುವಾಗ ದೇಹದಲ್ಲಿರುವ ಇತರ ವಸ್ತುಗಳು ಅಡ್ಡಬರಬಾರದು. ಹೈಡ್ರೊಜನ್ ಪೆರಾಕ್ಸೈಡನ್ನು ಪ್ಲಾಟಿನಮ್ಮಿನ ಮೇಲೆ ಉತ್ಕರ್ಷಿಸಲು ಸುಮಾರು ೦.೬ ವೋಲ್ಟ್ ಬೇಕು. ಆ ವಿಭವದಲ್ಲಿ ‘ಸಿ’ ಜೀವಸತ್ತ್ವ, ಯೂರಿಕ್ ಆಮ್ಲ, ತಲೆನೋವಿಗೆ ನುಂಗಿದ ಪ್ಯಾರಸಿಟಮಾಲ್ ಸಹ ಉತ್ಕರ್ಷಣೆಗೊಂಡು ಲೆಕ್ಕವನ್ನು ಕೆಡಿಸುತ್ತವೆ. ಇದಕ್ಕೆ ಪರಿಹಾರ ಚಿತ್ರಕಾರರ ಬಣ್ಣದ ಪೆಟ್ಟಿಗೆಯಲ್ಲಿ ದೊರೆಯಿತು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಪ್ರಷ್ಯನ್ ನೀಲಿಯನ್ನು ಇಂಗಾಲದ ಶಾಯಿಯಲ್ಲಿ ಬೆರೆಸಿದರೆ, ಪೆರಾಕ್ಸೈಡು ಸೊನ್ನೆ ವೋಲ್ಟಿನ ಆಸುಪಾಸಿನಲ್ಲಿಯೇ ಅಪಕರ್ಷಣೆಗೊಳ್ಳುತ್ತದೆ. ಆ ವಿಭವದಲ್ಲಿ ಮೇಲೆ ಹೇಳಿದ ವಸ್ತುಗಳು ಸುಮ್ಮನಿರುತ್ತವೆ.

ಇದೇ ತತ್ತ್ವದ ಮೇಲೆ ಕೈಗಡಿಯಾರದ ರೂಪದ ಸಾಧನವೊಂದಕ್ಕೆ ಅಮೆರಿಕದಲ್ಲಿ ೨೦೦೧ರಲ್ಲಿ ಅನುಮತಿ ದೊರೆತಿತ್ತು. ಗ್ಲೂಕೋವಾಚ್ ಎಂಬ ಆ ಸಾಧನದಿಂದ ಧರಿಸಿದವರ ಚರ್ಮ ಕೆಂಪೇರಿ ಉರಿಯುತ್ತಿತ್ತು. ಆ ದಶಕ ಮುಗಿಯುವ ಮೊದಲೇ ಅದು ಮಾರುಕಟ್ಟೆಯಿಂದ ಮರೆಯಾಯಿತು. ಸ್ಯಾನ್ ಡಿಯೇಗೊದ ಹಚ್ಚೆಯಲ್ಲಿ ವಿದ್ಯುತ್ಪ್ರವಾಹವನ್ನು ಅದಕ್ಕಿಂತ ತಗ್ಗಿಸಿದ್ದಾರೆ. ೨೦೧೫ರ ಅವರ ಪ್ರಬಂಧದಲ್ಲಿ ಮಧುಮೇಹವಿಲ್ಲದ ಏಳು ಜನರ ಮೇಲೆ, ಊಟಕ್ಕೆ ಮುಂಚೆ ಹಾಗೂ ಆಮೇಲೆ, ಪರೀಕ್ಷೆ ನಡೆಸಲಾಗಿದೆ. ಊಟದ ತರುವಾಯ ಸಕ್ಕರೆ ಏರಿದುದನ್ನು ಹಚ್ಚೆಯೂ ರಕ್ತದ ಪಟ್ಟಿಯಂತೆಯೇ ಗುರುತಿಸಿತು. ತತ್ತ್ವ ನಿಜವೆಂದು ತೋರಿಸಲು ಇದು ಸಾಕು; ರೋಗಿಯ ಕೈಗೆ ಕೊಡಲು ಸಾಲದು. ಏಳು ಜನ, ಅದರಲ್ಲಿಯೂ ಆರೋಗ್ಯವಂತರು. ಅವರಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯುವುದಿಲ್ಲ. ಇನ್‌ಸುಲಿನ್ ತೆಗೆದುಕೊಳ್ಳುವವನಿಗೆ ಭಯವಿರುವುದು ಆ ಇಳಿತದಲ್ಲಿಯೇ.

ಇಲ್ಲಿ ಶಾಯಿಯ ಸಮಸ್ಯೆ ಮುಗಿದು ಅಂಕಿಯ ಸಮಸ್ಯೆ ಮೊದಲಾಗುತ್ತದೆ. ಪತ್ರಿಕೆಗಳ ಉತ್ಸಾಹದಲ್ಲಿ ಈ ಎರಡನೆಯದು ಮರೆತುಹೋಗುತ್ತಿದೆಯೆಂದು ನಮಗೆ ತೋರುತ್ತದೆ. ಬೆವರಿನಲ್ಲಿರುವ ಗ್ಲೂಕೋಸು ರಕ್ತದಲ್ಲಿರುವುದರ ಸುಮಾರು ನೂರನೆಯ ಒಂದು ಪಾಲು. ಬೆವರು ಸುರಿಯುವ ವೇಗ, ಚರ್ಮದ ಉಷ್ಣತೆ, ಹಿಂದಿನ ಬೆವರಿನ ಶೇಷ, ಊಟಮಾಡಿದ ಕೈಯಲ್ಲಿ ಉಳಿದ ಸಿಹಿ, ಇವು ಒಂದೊಂದೂ ಅಷ್ಟು ಸಣ್ಣ ಅಂಕಿಯನ್ನು ಅಲುಗಿಸಬಲ್ಲವು. ಸಂವೇದಕವು ತನ್ನ ಮುಂದಿರುವ ದ್ರವವನ್ನು ತಪ್ಪಿಲ್ಲದೆ ಅಳೆಯಬಹುದು. ಆ ದ್ರವ ರಕ್ತದ ಮಾತನ್ನು ನಿಜವಾಗಿ ಹೇಳುತ್ತಿದೆಯೆ ಎಂಬುದಕ್ಕೆ ಸಂವೇದಕ ಹೊಣೆಯಲ್ಲ. ಒಬ್ಬನ ಬೆವರಿಗೂ ರಕ್ತಕ್ಕೂ ಇರುವ ಪ್ರಮಾಣ ಇನ್ನೊಬ್ಬನಲ್ಲಿ ಇರಲಾರದು. ೨೦೨೧ರಲ್ಲಿ ವಾಂಗ್ ಅವರ ಬಳಗವೇ ಪ್ರಕಟಿಸಿದ ಕ್ರಮವೊಂದು ಇದನ್ನು ಮುಚ್ಚಿಡದೆ ಒಪ್ಪಿಕೊಂಡಿದೆ. ಅದರಲ್ಲಿ ಬೆರಳಿನ ತುದಿಯನ್ನು ಸಂವೇದಕದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಅಲ್ಲಿಯ ಬೆವರಿನಿಂದ ರಕ್ತದ ಸಕ್ಕರೆಯನ್ನು ಅಂದಾಜುಮಾಡುತ್ತಾರೆ; ಆದರೆ ಅದಕ್ಕೂ ಮೊದಲು ಅದೇ ವ್ಯಕ್ತಿಯ ರಕ್ತವನ್ನು ಚುಚ್ಚಿ ತೆಗೆದು, ಅವನಿಗೇ ಸಲ್ಲುವ ಗುಣಾಂಕಗಳನ್ನು ಕಂಡುಕೊಳ್ಳಬೇಕು. ಆ ಗುಣಾಂಕಗಳು ಒಬ್ಬನಲ್ಲಿ ಎಷ್ಟು ದಿನ ಬದಲಾಗದೆ ನಿಲ್ಲುತ್ತವೆ, ಜ್ವರ ಬಂದಾಗ ಏನಾಗುತ್ತವೆ, ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವನಿಗೂ ನೆರಳಿನಲ್ಲಿ ಕುಳಿತು ಬರೆಯುವವನಿಗೂ ಒಂದೇ ಲೆಕ್ಕ ಸಲ್ಲುತ್ತದೆಯೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಲು ಏಳು ಜನ ಸಾಲರು. ಬೇರೆ ಬೇರೆ ಹವೆಗಳಲ್ಲಿ, ಬೇರೆ ಬೇರೆ ಕಸುಬುಗಳಲ್ಲಿ ತೊಡಗಿರುವ ನೂರಾರು ಮಂದಿಯ ಬೆರಳುಗಳನ್ನು ಎರಡು ಬಗೆಯಿಂದಲೂ ಅಳೆದು ಹೋಲಿಸಬೇಕು. ಅದಕ್ಕೆ ಬೇಕಾದುದು ದುಬಾರಿಯಾದ ಯಂತ್ರವಲ್ಲ, ತಾಳ್ಮೆ. ಮತ್ತು ಬೆರಳನ್ನು ಇನ್ನೂ ಕೆಲವು ಕಾಲ ಚುಚ್ಚಿಸಿಕೊಳ್ಳಲು ಒಪ್ಪುವ ಜನ.